ಒಟ್ಟು ಶೇಕಡಾವಾರು ಮುಚ್ಚಿಡುವ ಬ್ಯಾಂಡ್‌ಗಳು

ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಲಿಸ್ಟೆಡ್ ಕಂಪನಿಗಳಿಗೆ ಷೇರು ಮಾರುಕಟ್ಟೆ ನಿಯಂತ್ರಕ ಸೆಬಿ 2022-23ರಿಂದ ಬಿಆರ್‌ಎಸ್‌ಆರ್ (ವ್ಯವಹಾರ ಹೊಣೆಗಾರಿಕೆ ಮತ್ತು ಸುಸ್ಥಿರತೆ) ವರದಿಯನ್ನು ಕಡ್ಡಾಯ ಮಾಡಿದೆ. ಒಟ್ಟು ನೌಕರರಲ್ಲಿ, ನಿರ್ದೇಶಕ ಮಂಡಳಿಯಲ್ಲಿ ಮತ್ತು ಕೆಎಂಪಿಗಳಲ್ಲಿ, ಅಂದರೆ ಪ್ರಮುಖ ಆಡಳಿತಾಧಿಕಾರಿಗಳಲ್ಲಿ, ಮಹಿಳೆಯರು ಎಷ್ಟೆಂದು ಅದರಲ್ಲಿ ತುಂಬಿಸುವುದು ಎಚ್‌ಆರ್ ಅನಾಲಿಟಿಕ್ಸ್‌ನಲ್ಲಿರುವ ನಮ್ಮಂಥವರ ಪಾಲಿನ ಕೆಲಸ. ಬುಡವನ್ನೂ ತುದಿಯನ್ನೂ ಕೇಳುವ ಆ ನಮೂನೆ ನಡುವಿನ ಮೆಟ್ಟಿಲುಗಳ ಗೋಜಿಗೆ ಹೋಗುವುದಿಲ್ಲ. ನಮ್ಮ ಮ್ಯಾನೇಜ್‌ಮೆಂಟಿಗೆ ಇದು ಅನುಕೂಲವೇ ಆಗಿತ್ತು. ರಿವ್ಯೂ ಡೆಕ್‌ನಲ್ಲಿ ಒಟ್ಟು ಶೇಕಡಾವಾರನ್ನು ದಪ್ಪ ಅಕ್ಷರದಲ್ಲಿ ಹಾಕಿಸಿ, ಅಲ್ಲಿಗೆ ಡೈವರ್ಸಿಟಿಯ ಮಾತು ಮುಗಿಯಿತೆಂದು ಮುಂದಿನ ವಿಷಯಕ್ಕೆ ಹೋಗುತ್ತಿದ್ದರು.

ಆ ಸ್ಲೈಡಿನ ಬೆನ್ನಿಗೇ ನಾನೊಮ್ಮೆ ಬ್ಯಾಂಡ್‌ವಾರು, ಅಂದರೆ ಹುದ್ದೆಯ ಶ್ರೇಣಿವಾರು, ಪಟ್ಟಿಯನ್ನು ಸೇರಿಸಿದ್ದು ಫಿಲಿಸ್ ವಾಲೇಸ್ ಎಂಬ ಅರ್ಥಶಾಸ್ತ್ರಜ್ಞೆಯ ಕೆಲಸವನ್ನು ಓದಿದ ಪ್ರಭಾವದಿಂದ. 1921ರಲ್ಲಿ ಬಾಲ್ಟಿಮೋರ್‌ನಲ್ಲಿ ಹುಟ್ಟಿದ ಈ ಕಪ್ಪು ಮಹಿಳೆಗೆ ಸ್ವಂತ ರಾಜ್ಯದ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ತಮ್ಮಲ್ಲಿ ಸೇರಿಸಿಕೊಳ್ಳದೆ, ಬೇರೆ ರಾಜ್ಯದಲ್ಲಿ ಓದುವುದಕ್ಕೆ ಶುಲ್ಕ ಕೊಟ್ಟು ಕಳಿಸುವ ಮೇರಿಲ್ಯಾಂಡ್‌ನ ವಿಚಿತ್ರ ಏರ್ಪಾಟಿನಡಿ ಅವರು ನ್ಯೂಯಾರ್ಕ್‌ನಲ್ಲಿ ಪದವಿ ಪಡೆದು, 1948ರಲ್ಲಿ ಯೇಲ್‌ನಿಂದ ಪಿಎಚ್‌ಡಿ ಗಳಿಸಿದರು. 1965ರಲ್ಲಿ ಅಮೆರಿಕದ ಸಮಾನ ಉದ್ಯೋಗಾವಕಾಶ ಆಯೋಗದ ತಾಂತ್ರಿಕ ಅಧ್ಯಯನ ವಿಭಾಗದ ಮುಖ್ಯಸ್ಥೆಯಾದರು. ಮುಂದೆ ಎಂಐಟಿಯ ಸ್ಲೋನ್ ಮ್ಯಾನೇಜ್‌ಮೆಂಟ್ ಶಾಲೆಯಲ್ಲಿ ಕಾಯಂ ಪ್ರಾಧ್ಯಾಪಕಿಯಾದ ಮೊದಲ ಮಹಿಳೆ ಅವರೇ. ಎಟಿ ಅಂಡ್ ಟಿ ಕಂಪನಿಯ ಉದ್ಯೋಗ ತಾರತಮ್ಯದ ಪ್ರಕರಣವನ್ನು ಕುರಿತು ಅವರು 1976ರಲ್ಲಿ ಸಂಪಾದಿಸಿದ ಸಂಪುಟ ನನ್ನ ಕೆಲಸಕ್ಕೆ ನೇರವಾಗಿ ಸಂಬಂಧಿಸಿದ್ದು. ಆ ದೂರವಾಣಿ ಕಂಪನಿಯಲ್ಲಿ ಮಹಿಳೆಯರಿಗೇನೂ ಬರವಿರಲಿಲ್ಲ. ನೌಕರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅವರೇ. ಆದರೆ ಅವರೆಲ್ಲ ಆಪರೇಟರ್ ಮತ್ತು ಗುಮಾಸ್ತೆ ಕೆಲಸಗಳಲ್ಲಿ ತುಂಬಿಕೊಂಡಿದ್ದರು, ಹೆಚ್ಚು ಸಂಬಳದ ತಾಂತ್ರಿಕ ಕೆಲಸಗಳು ಗಂಡಸರ ಪಾಲಾಗಿದ್ದವು. ಒಟ್ಟು ಲೆಕ್ಕವೊಂದನ್ನೇ ನೋಡಿದ್ದರೆ ಕಂಪನಿಗೆ ಬಹುಮಾನ ಕೊಡಬಹುದಿತ್ತು. ಹುದ್ದೆವಾರು ನೋಡಿದ್ದರಿಂದ 1973ರ ಒಪ್ಪಂದದಲ್ಲಿ ಅದು ಸುಮಾರು 1.5 ಕೋಟಿ ಡಾಲರ್ ಪರಿಹಾರ ಕೊಡಬೇಕಾಯಿತು.

ನಮ್ಮ ಪಟ್ಟಿಯೂ ಅದೇ ಬಗೆಯದು: ಸಪೋರ್ಟ್ ಬ್ಯಾಂಡ್‌ಗಳಲ್ಲಿ ಮಹಿಳೆಯರು ಧಾರಾಳ, ಡೆಲಿವರಿ ಮ್ಯಾನೇಜರ್ ಬ್ಯಾಂಡಿನಿಂದಾಚೆಗೆ ವಿರಳ. ಸ್ಲೈಡ್ ತೆರೆಯುತ್ತಿದ್ದಂತೆ ಬಿಸಿನೆಸ್ ಹೆಡ್ ಮುಂದಕ್ಕೆ ಬಾಗಿ, "ಮೇಲಿನ ಬ್ಯಾಂಡಿನಲ್ಲಿರುವವರೇ ಬೆರಳೆಣಿಕೆಯಷ್ಟು ಜನ. ಒಬ್ಬರು ಪೇಪರ್ ಹಾಕಿದರೆ ನಿಮ್ಮ ಪರ್ಸೆಂಟೇಜ್ ಅಡಿಮೇಲಾಗುತ್ತದಲ್ಲ, ಮೇಡಂ?" ಎಂದರು. ಆ ವಿಭಾಗದ ಎಚ್‌ಆರ್ ಹೊಣೆ ಹೊತ್ತ ಎಚ್‌ಆರ್‌ಬಿಪಿ ಲ್ಯಾಪ್‌ಟಾಪಿನಿಂದ ತಲೆಯೆತ್ತಲಿಲ್ಲ. ರೇಟಿಂಗ್‌ಗಳನ್ನು ಹೋಲಿಸಿ ಅಂತಿಮಗೊಳಿಸುವ ಅಪ್ರೈಸಲ್ ಕ್ಯಾಲಿಬ್ರೇಷನ್‌ನಲ್ಲಿ ಬಿಸಿನೆಸ್ ಹೆಡ್ ಪಕ್ಕದಲ್ಲೇ ಕೂರುವ ಇಬ್ಬರು ಮ್ಯಾನೇಜರ್‌ಗಳು ಕಾಫಿ ಲೋಟಗಳನ್ನು ಸರಿಸಿಕೊಂಡರು. ನಾನು ಎಟಿ ಅಂಡ್ ಟಿಯ ಉದಾಹರಣೆಯನ್ನು ಎತ್ತಿದೆ. ಬಿಸಿನೆಸ್ ಹೆಡ್ ನಕ್ಕು, "ಅವರಲ್ಲಿ ಲಕ್ಷಗಟ್ಟಲೆ ಜನರಿದ್ದರು" ಎಂದರು. ಸಿಎಫ್‌ಒ ಗಡಿಯಾರ ನೋಡಿ, ಈ ಸ್ಲೈಡನ್ನು ಅನೆಕ್ಸರ್‌ಗೆ ಹಾಕಿಬಿಡಿ ಎಂದು ಅಪ್ಪಣೆ ಕೊಟ್ಟರು.

ಆ ನಗು ಈಗಲೂ ಚುಚ್ಚುತ್ತದೆ, ಏಕೆಂದರೆ ಅವರ ಆಕ್ಷೇಪ ಸರಿಯಾಗಿತ್ತು, ಅದರಿಂದ ಅವರು ಎಳೆದ ತೀರ್ಮಾನ ಮಾತ್ರ ತಪ್ಪಾಗಿತ್ತು. ಸಣ್ಣ ಬ್ಯಾಂಡಿನ ಒಂದು ದಿನದ ಹೆಡ್‌ಕೌಂಟ್ ಏನನ್ನೂ ಸಾಬೀತು ಮಾಡುವುದಿಲ್ಲ. ಕೆಳಗಿನ ಬ್ಯಾಂಡಿನಲ್ಲಿ ಬಡ್ತಿಗೆ ಅರ್ಹರಾಗಿದ್ದ ಮಹಿಳೆಯರಲ್ಲಿ ಎಷ್ಟು ಮಂದಿಗೆ ಬಡ್ತಿ ಸಿಕ್ಕಿತು, ಅದೇ ರೇಟಿಂಗ್ ಪಡೆದ ಗಂಡಸರಲ್ಲಿ ಎಷ್ಟು ಮಂದಿಗೆ ಸಿಕ್ಕಿತು, ಹೆರಿಗೆ ರಜೆಯ ವರ್ಷದಲ್ಲಿ ರೇಟಿಂಗ್ ಏನಾಯಿತು ಎಂಬುದನ್ನು ಹಲವು ಅಪ್ರೈಸಲ್ ಸುತ್ತುಗಳಲ್ಲಿ ಒಟ್ಟುಗೂಡಿಸಿದರೆ ಸಂಖ್ಯೆ ದೊಡ್ಡದಾಗುತ್ತದೆ, ಆಗ ಪೈಪ್‌ಲೈನ್‌ನಲ್ಲೇ ಜನರಿಲ್ಲ, ಅಂದರೆ ಬಡ್ತಿ ಕೊಡಲು ಕೆಳಗಿನ ಬ್ಯಾಂಡಿನಲ್ಲೇ ಅರ್ಹ ಮಹಿಳೆಯರಿಲ್ಲ ಎಂಬ ವಾದವನ್ನೂ ಪರೀಕ್ಷೆಗೆ ಒಡ್ಡಬಹುದು. ರಿವ್ಯೂಗೆ ಹೋಗುವ ಮೊದಲೇ ಬಿಸಿನೆಸ್ ಹೆಡ್‌ಗೆ ಪಟ್ಟಿಯನ್ನು ಕಳಿಸುವುದೂ ಒಳ್ಳೆಯದು; ತನ್ನ ತಂಡದವರ ಮುಂದೆ ಮೊದಲ ಬಾರಿಗೆ ಅಂಥ ಅಂಕಿ ಕಂಡ ಯಾರೂ ಅದನ್ನು ಒಪ್ಪುವುದಿಲ್ಲ.

ಆದರೆ ಈ ಲೆಕ್ಕ ತೆಗೆಯಲು ನೌಕರರ ದಾಖಲೆ ಇಡುವ ನಮ್ಮ ಸಾಫ್ಟ್‌ವೇರ್ ಎಚ್‌ಆರ್‌ಎಂಎಸ್ ಬಿಡಬೇಕಲ್ಲ! ಬಡ್ತಿಯಾದ ಕೂಡಲೇ ಅದು ಹಳೆಯ ಬ್ಯಾಂಡನ್ನು ಅಳಿಸಿ ಹೊಸದನ್ನು ಬರೆದುಕೊಳ್ಳುತ್ತದೆ, ಹಾಗಾಗಿ ಯಾರು ಎಲ್ಲಿಂದ ಮೇಲೇರಿದರೆಂಬುದು ಸಿಸ್ಟಮಿನಲ್ಲಿ ಉಳಿಯುವುದೇ ಇಲ್ಲ. ಈಗ ತಿಂಗಳುತಿಂಗಳಿನ ಹಳೆಯ ಪೇರೋಲ್ ರಿಜಿಸ್ಟರ್‌ಗಳನ್ನು ಎಕ್ಸೆಲ್‌ನಲ್ಲಿ ಎಂಪ್ಲಾಯಿ ಕೋಡ್ ಹಿಡಿದು ಹೊಂದಿಸುತ್ತಿದ್ದೇನೆ. ವೆಂಡರ್‌ಗೆ ಹಾಕಿದ ಟಿಕೆಟ್ ಇನ್ನೂ ಓಪನ್ ಆಗಿಯೇ ಇದೆ.