ಚಕ್ಕುಬಂದಿ ಕೇಳಿದ ವಕೀಲ

22 ಡಿಸೆಂಬರ್ 2024, ಭಾನುವಾರ

ನಿನ್ನೆ ಸಂಜೆ ಜಮೀನಿನ ದಾವೆಯೊಂದರ ಕರಡನ್ನು ತಿದ್ದುತ್ತಿದ್ದಾಗ, ಷೆಡ್ಯೂಲಿನಲ್ಲಿ ಮೂರು ದಿಕ್ಕುಗಳ ಚಕ್ಕುಬಂದಿ, ಅಂದರೆ ಗಡಿಯ ವಿವರ, ತುಂಬಿದ್ದು ದಕ್ಷಿಣದ ಮುಂದೆ ಮಾತ್ರ ಜಾಗ ಖಾಲಿ ಉಳಿದಿರುವುದು ಕಣ್ಣಿಗೆ ಬಿತ್ತು. ಇಂದು ಬೆಳಿಗ್ಗೆ ಅಬ್ರಹಾಂ ಲಿಂಕನ್ನರು 1847ರಲ್ಲಿ ಇದೇ ದಿನ ಅಮೆರಿಕದ ಪ್ರತಿನಿಧಿ ಸಭೆಯ ಮುಂದಿಟ್ಟ ನಿರ್ಣಯಗಳನ್ನು ಓದುವಾಗ ಆ ಖಾಲಿ ಜಾಗವೇ ಮತ್ತೆ ಮತ್ತೆ ನೆನಪಾಯಿತು.

ಸ್ಪ್ರಿಂಗ್‌ಫೀಲ್ಡ್ ಎಂಬ ಸಣ್ಣ ಊರಿನಲ್ಲಿ 1837ರಿಂದ ವಕೀಲಿ ವೃತ್ತಿ ನಡೆಸುತ್ತಿದ್ದ ಲಿಂಕನ್ನರು, ಕಾಗದಪತ್ರಗಳನ್ನು ತಮ್ಮ ಎತ್ತರದ ಟೋಪಿಯೊಳಗೇ ಇಟ್ಟುಕೊಂಡು ಇಲಿನಾಯ್ ರಾಜ್ಯದ ಎಂಟನೆಯ ಸರ್ಕಿಟ್ಟಿನ (ನ್ಯಾಯಾಧೀಶರು ಊರಿಂದೂರಿಗೆ ಹೋಗಿ ಕಲಾಪ ನಡೆಸುತ್ತಿದ್ದ ವಲಯದ) ಊರೂರು ತಿರುಗಿ, ಸಾಲದ ಪತ್ರ, ಜಮೀನಿನ ತಕರಾರುಗಳಲ್ಲಿ ವಾದಿಸಿದವರು. 1846ರ ಚುನಾವಣೆಯಲ್ಲಿ ಪೀಟರ್ ಕಾರ್ಟ್‌ರೈಟ್ ಎಂಬ ಧರ್ಮಬೋಧಕರನ್ನು ಸೋಲಿಸಿ, ತಮ್ಮ ರಾಜ್ಯದಿಂದ ಆಯ್ಕೆಯಾದ ವಿಗ್ ಪಕ್ಷದ ಏಕೈಕ ಸದಸ್ಯರಾಗಿ ಅವರು ವಾಷಿಂಗ್ಟನ್ನಿಗೆ ಬಂದಾಗ ವಯಸ್ಸು 38.

ಆಗ ಮೆಕ್ಸಿಕೋ ವಿರುದ್ಧ ಯುದ್ಧ ನಡೆಯುತ್ತಿತ್ತು. ಮೆಕ್ಸಿಕೋ ನಮ್ಮ ನೆಲಕ್ಕೆ ನುಗ್ಗಿ ಅಮೆರಿಕದ ಮಣ್ಣಿನಲ್ಲಿ ಅಮೆರಿಕನ್ನರ ರಕ್ತ ಹರಿಸಿದೆ ಎಂಬುದು ಅಧ್ಯಕ್ಷ ಪೋಕ್ ಅವರ ಸಮರ್ಥನೆ. ನ್ಯೂಯೆಸಿಸ್ ಮತ್ತು ರಿಯೋ ಗ್ರಾಂಡೆ ನದಿಗಳ ನಡುವಿನ ಆ ಪ್ರದೇಶಕ್ಕೆ ಎರಡು ದೇಶಗಳೂ ಹಕ್ಕು ಹೇಳುತ್ತಿದ್ದವು. ಸಭೆಗೆ ಬಂದು ಒಂದು ತಿಂಗಳೂ ತುಂಬದ ಹೊಸ ಸದಸ್ಯರು ಎಂಟು ಪ್ರಶ್ನೆಗಳಲ್ಲಿ ಕೇಳಿದ್ದು, ಆ ರಕ್ತ ಬಿದ್ದ ಜಾಗ ಯಾವುದು, ಅದು ಯಾರದು ಎಂಬುದನ್ನೇ.

ಐದನೆಯ ಪ್ರಶ್ನೆಯನ್ನು ಎರಡು ಸಲ ಓದಿದೆ. ಅಲ್ಲಿನ ಜನರು ಎಂದಾದರೂ ಟೆಕ್ಸಾಸ್ ಅಥವಾ ಅಮೆರಿಕದ ಆಡಳಿತಕ್ಕೆ ಒಳಪಟ್ಟಿದ್ದರೇ, ಮತ ಹಾಕಿದ್ದರೇ, ತೆರಿಗೆ ಕೊಟ್ಟಿದ್ದರೇ, ಜ್ಯೂರಿಯಲ್ಲಿ ಕುಳಿತಿದ್ದರೇ, ಅವರಿಗೆ ನ್ಯಾಯಾಲಯದ ಸಮನ್ಸ್ ಜಾರಿಯಾಗಿತ್ತೇ ಎಂದು ಅದು ಕೇಳುತ್ತದೆ. ಸಮನ್ಸಿನ ಮಾತು ವಕೀಲನಲ್ಲದೆ ಬೇರೆ ಯಾರಿಗೆ ಹೊಳೆದೀತು? ಸ್ವಾಧೀನದಲ್ಲಿದ್ದೇನೆ ಎನ್ನುವವನಿಗೆ ಕಂದಾಯದ ರಸೀದಿ ತೋರಿಸು ಎಂದು ನಾವು ಪಾಟೀಸವಾಲಿನಲ್ಲಿ ಕೇಳುವುದೂ ಇದನ್ನೇ. 1848ರ ಜನವರಿ 12ರ ಭಾಷಣದಲ್ಲಂತೂ, ಅಧ್ಯಕ್ಷರು ವಾದಗಳಿಂದಲ್ಲ, ಸಂಗತಿಗಳಿಂದ ಉತ್ತರ ಕೊಡಲಿ ಎಂದು ಅವರು ನೇರವಾಗಿಯೇ ಹೇಳಿದರು.

ಪೋಕ್ ಉತ್ತರಿಸಲಿಲ್ಲ, ಸಭೆಯೂ ನಿರ್ಣಯಗಳನ್ನು ಕೈಗೆತ್ತಿಕೊಳ್ಳಲಿಲ್ಲ. ಯುದ್ಧದ ಹುಮ್ಮಸ್ಸಿನಲ್ಲಿದ್ದ ತವರು ರಾಜ್ಯದ ಎದುರಾಳಿ ಪತ್ರಿಕೆಗಳು ಅವರನ್ನು ಹಂಗಿಸಿದವು. ಈ ಅವಧಿಯನ್ನು ಲಿಂಕನ್ನರ ಬದುಕಿನ ವಿಫಲ ಅಧ್ಯಾಯವೆಂದು ಬರೆಯುವವರಿದ್ದಾರೆ, ನಾನು ಒಪ್ಪುವುದಿಲ್ಲ. ಸೈನಿಕರಿಗೆ ಬೇಕಾದ ಹಣಕ್ಕೆ ಅವರು ಮತ ನೀಡಿದರು, ಯುದ್ಧದ ಕಾರಣವನ್ನು ಮಾತ್ರ ರುಜುವಾತಿಲ್ಲದೆ ಒಪ್ಪಲಿಲ್ಲ. ಇವೆರಡನ್ನೂ ಬೇರೆ ಬೇರೆಯಾಗಿ ಹಿಡಿದುಕೊಳ್ಳುವುದು ಜನ ಉದ್ರೇಕಗೊಂಡಿರುವ ಹೊತ್ತಿನಲ್ಲಿ ಸುಲಭದ ಕೆಲಸವಲ್ಲ.

ನನಗೆ ಹೆಚ್ಚು ತಟ್ಟಿದ್ದು ಊರಿನಲ್ಲಿ ಕಚೇರಿ ನೋಡಿಕೊಳ್ಳುತ್ತಿದ್ದ ಕಿರಿಯ ಪಾಲುದಾರ ವಿಲಿಯಂ ಹರ್ಂಡನ್ನರಿಗೆ ಫೆಬ್ರವರಿ 15ರಂದು ಅವರು ಬರೆದ ಪತ್ರ. ಹರ್ಂಡನ್ನರಿಗೇ ಈ ನಿಲುವು ಒಪ್ಪಿಗೆಯಾಗಿರಲಿಲ್ಲ. ಅವರ ಮೇಲೆ ಸಿಡಿಮಿಡಿಗೊಳ್ಳದೆ, ರಾಜರು ಜನರನ್ನು ಯುದ್ಧಗಳಿಗೆ ದೂಡಿ ಬಡವಾಗಿಸುತ್ತಿದ್ದುದರಿಂದಲೇ ಸಂವಿಧಾನ ಆ ಅಧಿಕಾರವನ್ನು ಒಬ್ಬನ ಕೈಗೆ ಕೊಡದೆ ಕಾಂಗ್ರೆಸ್ಸಿಗೆ ಕೊಟ್ಟಿದೆ ಎಂದು ಲಿಂಕನ್ನರು ತಾಳ್ಮೆಯಿಂದ ವಿವರಿಸಿದ್ದಾರೆ. 1849ರಲ್ಲಿ ಅವಧಿ ಮುಗಿದಾಗ ಅವರು ಮರಳಿದ್ದು ಇದೇ ಹರ್ಂಡನ್ನರೊಡನಿದ್ದ ಕಚೇರಿಗೆ, ಮತ್ತೆ ಹಿಡಿದದ್ದು ಅದೇ ಸರ್ಕಿಟ್ಟಿನ ದಾರಿ.