ಮೂರನೇ ವಾರ: ಆಕಾಶದ ತೇಪೆ

ಆಕಾಶ ಮತ್ತೆ ಕೈಕೊಟ್ಟಿತು. ಭಾನುವಾರ ಕ್ಯಾನ್ವಾಸಿನ ಮುಕ್ಕಾಲು ಭಾಗ ಬಳಿಯುವಷ್ಟರಲ್ಲಿ ಕಲಸಿದ ಬಣ್ಣ ಮುಗಿಯಿತು. ಮರುದಿನ ಅದೇ ಅಲ್ಟ್ರಾಮರೀನ್ ನೀಲಿ, ಅದೇ ಬಿಳಿ ಸೇರಿಸಿ, ಒಣಗಿದ ಆಕಾಶದ ಪಕ್ಕ ಹಿಡಿದು ಹಿಡಿದು ನೋಡಿ ಉಳಿದ ಮೂಲೆಗೆ ಬಳಿದೆ. ಎರಡೂ ಒಂದೇ ಥರ ಇದ್ದವು. ಕುಂಚ ತೊಳೆದು ಬರುವಷ್ಟರಲ್ಲಿ ಮೂಲೆ ಮಾತ್ರ ಗಾಢವಾಗಿ, ತೇಪೆ ಹಾಕಿದ ಹಾಗೆ ಎದ್ದು ಕಾಣುತ್ತಿತ್ತು.

ತಪ್ಪು ನನ್ನದೇ. ನಾನು ಬಳಸುವ ಅಕ್ರಿಲಿಕ್‌ನಲ್ಲಿ, ಅಂದರೆ ನೀರಿನಲ್ಲಿ ಕಲಸುವ, ಬೇಗ ಒಣಗುವ ಬಣ್ಣದಲ್ಲಿ, ಬಣ್ಣದ ಪುಡಿಯನ್ನು ಹಿಡಿದಿಡುವ ಅಂಟು ಹಸಿಯಾಗಿದ್ದಾಗ ಹಾಲಿನ ಹಾಗೆ ಬೆಳ್ಳಗಿರುತ್ತದೆ, ನೀರು ಆರಿದ ಮೇಲೆ ಗಾಜಿನ ಹಾಗೆ ತಿಳಿಯಾಗುತ್ತದೆ. ಆ ಬಿಳುಪು ಹೋದರೆ ಬಣ್ಣ ಗಾಢವಾಗಲೇಬೇಕು, ಅಲ್ವಾ? ನಾನು ಒಣಗಿದ ಬಣ್ಣಕ್ಕೆ ಹಸಿ ಬಣ್ಣ ಹೊಂದಿಸುತ್ತಾ ಕೂತಿದ್ದೆ.

ಹಾಗಾಗಿ ಈ ವಾರ ಚಿತ್ರ ಬದಿಗಿಟ್ಟು ಚೀಟಿ ಮಾಡಿದೆ. ದಪ್ಪ ಕಾಗದದ ತುಂಡಿಗೆ ಒಂದೊಂದು ಮಿಶ್ರಣ ಬಳಿಯುವುದು, ಹೇರ್ ಡ್ರೈಯರ್‌ನಿಂದ ಒಣಗಿಸುವುದು, ಹಿಂದೆ ಯಾವ ಟ್ಯೂಬಿನಿಂದ ಎಷ್ಟು ಅಂತ ಬರೆಯುವುದು. 22 ಚೀಟಿ ಆಯಿತು. ಬೇಜಾರಿನ ಕೆಲಸ, ಸುಳ್ಳು ಹೇಳಲ್ಲ.

ಆದರೆ ಬರೆಯುವ ನೆಪದಲ್ಲಿ ಮೊದಲ ಸಲ ಟ್ಯೂಬಿನ ಹಿಂಬದಿ ಓದಿದೆ. ಅಲ್ಲಿ ಚಿಕ್ಕ ಅಕ್ಷರದಲ್ಲಿ ಪಿಗ್ಮೆಂಟ್ ಸಂಕೇತ, ಅಂದರೆ ಒಳಗೆ ಯಾವ ಬಣ್ಣದ ಪುಡಿ ಇದೆ ಅನ್ನುವ ಗುರುತು ಇರುತ್ತದೆ: ಅಲ್ಟ್ರಾಮರೀನ್ ಅಂದರೆ ಪಿಬಿ 29, ಥಾಲೋ ನೀಲಿ ಪಿಬಿ 15, ಟೈಟಾನಿಯಂ ಬಿಳಿ ಪಿಡಬ್ಲ್ಯೂ 6. ನಾನು ಆಸೆಪಟ್ಟು ತಂದ ಆಕಾಶನೀಲಿ ಟ್ಯೂಬ್ 'ಸೆರುಲಿಯನ್ ಹ್ಯೂ' ತಿರುಗಿಸಿದರೆ ಪಿಬಿ 15, ಪಿಡಬ್ಲ್ಯೂ 6! ನನ್ನ ಡಬ್ಬದಲ್ಲಿದ್ದ ಎರಡನ್ನೇ ಕಲಸಿ ತುಂಬಿದ್ದಾರೆ. ಮೋಸ ಅಂತಲ್ಲ, ಅಸಲಿ ಸೆರುಲಿಯನ್‌ನಲ್ಲಿ ಕೋಬಾಲ್ಟ್ ಇರುತ್ತದೆ, ಅದು ದುಬಾರಿ, ಅದಕ್ಕೇ ಅದರ ಬದಲಿಗೆ 'ಹ್ಯೂ' ಅಂತ ಹೆಸರಿಟ್ಟು ಮಾರುತ್ತಾರೆ. ಆದರೂ ಸುಮ್ನೆ ಒಂದು ಟ್ಯೂಬ್ ಜಾಸ್ತಿ ತಂದೆ. ಥಾಲೋ ಬಗ್ಗೆ ಒಂದು ಮಾತು: ಕುಂಚದ ತುದಿಗೆ ತಾಗಿದಷ್ಟೇ ಸಾಕು, ಬಟಾಣಿ ಗಾತ್ರದ ಬಿಳಿ ಪೂರ್ತಿ ನೀಲಿ. ಕಲಸುವಾಗ ಬಿಳಿಗೆ ನೀಲಿ ಹಾಕಿ, ನೀಲಿಗೆ ಬಿಳಿ ಹಾಕಲು ಹೋದರೆ ಟ್ಯೂಬ್ ಖಾಲಿಯಾಗುತ್ತದೆ.

ಕಲಸಿದ ಬಣ್ಣ ಬೇಗ ಗಟ್ಟಿಯಾಗದ ಹಾಗೆ ತಡೆಯಲೂ ಒಂದು ದಾರಿ ಮಾಡಿಕೊಂಡೆ. ಮುಚ್ಚಳದ ಡಬ್ಬಿ, ಒಳಗೆ ಒದ್ದೆ ಸ್ಪಂಜು, ಅದರ ಮೇಲೆ ಬೇಕಿಂಗ್ ಪೇಪರ್. ಗುರುವಾರ ಕಲಸಿದ್ದು ಶನಿವಾರವೂ ಮೆತ್ತಗಿತ್ತು. ಸ್ಪಂಜಿಗೆ ನೀರು ಜಾಸ್ತಿಯಾದರೆ ಮಾತ್ರ ಬಣ್ಣ ಸಾರಿನ ಹಾಗೆ ಹರಿಯುತ್ತದೆ.

ಇವತ್ತು ಆ ಮೂಲೆಗೆ, ಒಣಗಿದ ಆಕಾಶಕ್ಕೆ ಹೊಂದಿದ ಎಂಟನೇ ಚೀಟಿಯ ಅಳತೆಯಲ್ಲೇ ಕಲಸಿದೆ. ಹಸಿಯಲ್ಲಿ ತೀರಾ ತೆಳು ಅನ್ನಿಸಿತು, ಕೈ ಮತ್ತೆ ನೀಲಿ ಟ್ಯೂಬಿನ ಕಡೆ ಹೋಗುತ್ತಿತ್ತು, ತಡೆದುಕೊಂಡೆ. ಒಣಗಿದ ಮೇಲೆ ತೇಪೆ ಎಲ್ಲಿದೆ ಅಂತ ಗೊತ್ತಿರುವ ನನಗೆ ಮಾತ್ರ ಕಾಣುತ್ತಿದೆ. ಮುಂದಿನ ವಾರ ಅಲ್ಲಿ ಒಂದು ಮರ ಬರುತ್ತದೆ ಬಿಡಿ.