ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಕಾರ್ ಇಂಜಿನ್ ಹಾಕಿದ ವಿಮಾನಗಳ ಗೇರ್‌ಬಾಕ್ಸ್ ರಿಪೇರಿ

ಗೇರ್‌ಬಾಕ್ಸ್ ಸದ್ದು ಮಾಡ್ತಿದೆ, ಬಿಚ್ಚಿ ನೋಡಿ ಅಂತ ಬರುವವರಿಗೆ ನಾನು ಮೊದಲು ಕೇಳುವ ಪ್ರಶ್ನೆ ಗೇರ್‌ಬಾಕ್ಸ್ ಬಗ್ಗೆ ಇರುವುದಿಲ್ಲ. ಐಡಲ್ (ಥ್ರಾಟಲ್ ಮುಚ್ಚಿದಾಗ ಇಂಜಿನ್ ಸುಮ್ಮನೆ ತಿರುಗುವ ವೇಗ) ಎಷ್ಟಕ್ಕೆ ಇಟ್ಟಿದ್ದೀರಿ? ಸ್ಪಾರ್ಕ್ ಪ್ಲಗ್ ಯಾವಾಗ ಬದಲಾಯಿಸಿದ್ದು? ಪ್ರೊಪೆಲ್ಲರ್ ಹಳೆಯದೇನಾ, ಹೊಸದು ಹಾಕಿದ್ರಾ? ಇಷ್ಟು ಕೇಳುವಷ್ಟರಲ್ಲಿ ಅರ್ಧ ಉತ್ತರ ಸಿಕ್ಕಿರುತ್ತದೆ. ಹಲ್ಲು ಸವೆದಿರುವುದು ಗೇರಿನದೇ, ನಿಜ. ಆದರೆ ಅದನ್ನು ಸವೆಸಿದವರು ಮುಂದೆ ಪ್ರೊಪೆಲ್ಲರ್ ಕಡೆ ಇರುತ್ತಾರೆ, ಇಲ್ಲವೇ ಹಿಂದೆ ಇಂಜಿನ್ ಕಡೆ ಇರುತ್ತಾರೆ. ಅದನ್ನು ಬಿಟ್ಟು ಬರೀ ಗೇರ್ ಬದಲಾಯಿಸಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಆರು ತಿಂಗಳಲ್ಲಿ ಮತ್ತೆ ಅದೇ ಸದ್ದು.

ನಾನು ಅಮೆರಿಕದ ಓಹಾಯೋದಲ್ಲಿ ಏರ್‌ಕ್ರಾಫ್ಟ್ ಮೆಕ್ಯಾನಿಕ್. ಡೇಟನ್ ಕಡೆಯ ಒಂದು ಸಣ್ಣ ಏರ್‌ಪೋರ್ಟಿನಲ್ಲಿ ಕೆಲಸ. ಇಲ್ಲಿ ಜನ ಮನೆಯ ಗ್ಯಾರೇಜಿನಲ್ಲೇ ವಿಮಾನ ಕಟ್ಟುತ್ತಾರೆ. ಸುಮ್ನೆ ಹೇಳ್ತಿಲ್ಲ, ಕಾನೂನೇ ಇದೆ. ವಿಮಾನದ ಅರ್ಧಕ್ಕಿಂತ ಜಾಸ್ತಿ ಕೆಲಸವನ್ನು ಕಲಿಯಲೆಂದೋ ಹವ್ಯಾಸಕ್ಕೆಂದೋ ತಾವೇ ಮಾಡಿದ್ದರೆ ಇಲ್ಲಿನ ವಿಮಾನಯಾನ ಇಲಾಖೆ ಎಫ್‌ಎಎ ಅದನ್ನು 'ಎಕ್ಸ್‌ಪೆರಿಮೆಂಟಲ್' ಅಂತ ಒಪ್ಪುತ್ತದೆ. ಕಟ್ಟಿದವರು ಅರ್ಜಿ ಹಾಕಿ ರಿಪೇರ್‌ಮನ್ ಸರ್ಟಿಫಿಕೇಟ್ ತಗೊಂಡರೆ ತಮ್ಮ ವಿಮಾನದ ವಾರ್ಷಿಕ ತಪಾಸಣೆಗೆ ತಾವೇ ಸಹಿ ಹಾಕಬಹುದು. ಅದೇ ವಿಮಾನವನ್ನು ಇನ್ನೊಬ್ಬರು ಕೊಂಡರೆ ಆ ಹಕ್ಕು ಜೊತೆಗೆ ಹೋಗುವುದಿಲ್ಲ. ಆಗ ಹೆಚ್ಚಿನವರು ನನ್ನಂಥ ಮೆಕ್ಯಾನಿಕ್ ಹತ್ತಿರ ಬರುತ್ತಾರೆ. ಹಾಗಾಗಿ ನನ್ನ ಬಳಿ ಬರುವುದರಲ್ಲಿ ಬಹಳಷ್ಟು ಕೈ ಬದಲಾದ ವಿಮಾನಗಳು. ಕಟ್ಟಿದವರ ತಲೆಯಲ್ಲಿದ್ದ ವಿಷಯ ಅವರ ಜೊತೆಗೇ ಹೋಗಿರುತ್ತದೆ.

ಗೇರ್ ಯಾಕೆ ಬೇಕು ಅಂತ ಊರಿನ ಗೆಳೆಯರು ಕೇಳುತ್ತಾರೆ. ಲೆಕ್ಕ ಸುಲಭ. ಕಾರ್ ಇಂಜಿನ್ ಪೂರ್ತಿ ಶಕ್ತಿ ಕೊಡುವುದು 5000 ಆರ್‌ಪಿಎಂ ದಾಟಿದ ಮೇಲೆ. 72 ಇಂಚಿನ ಪ್ರೊಪೆಲ್ಲರನ್ನು 2700ರಲ್ಲಿ ತಿರುಗಿಸಿದರೆ ಅದರ ತುದಿ ಸೆಕೆಂಡಿಗೆ ಸುಮಾರು 259 ಮೀಟರ್ ವೇಗದಲ್ಲಿ ಹೋಗುತ್ತದೆ. 5400ರಲ್ಲಿ ತಿರುಗಿಸಿದರೆ ಅದು 517 ಮೀಟರ್. ಶಬ್ದದ ವೇಗವೇ ಸುಮಾರು 340. ತುದಿ ಅದರ ಹತ್ತಿರ ಬಂದರೇ ಎಳೆತ ಕಡಿಮೆ, ಅರಚಾಟ ಜಾಸ್ತಿ. ಅದಕ್ಕೇ ನಡುವೆ ಗೇರ್ ಅಥವಾ ಬೆಲ್ಟ್ ಹಾಕಿ ವೇಗವನ್ನು ಅರ್ಧಕ್ಕೆ, ಕೆಲವು ಸಲ ಅದಕ್ಕಿಂತ ಕೆಳಕ್ಕೆ ಇಳಿಸುತ್ತಾರೆ. ಫೋಕ್ಸ್‌ವ್ಯಾಗನ್ ಬೀಟಲ್ ಇಂಜಿನ್ನಿಗೆ ಚಿಕ್ಕ ಪ್ರೊಪೆಲ್ಲರ್ ಹಾಕಿ ನೇರವಾಗಿ ಓಡಿಸುವವರೂ ಇದ್ದಾರೆ. ಅವರಿಗೆ ಈ ತಲೆನೋವಿಲ್ಲ. ಸುಬಾರು, ಸುಜುಕಿ, ಹೋಂಡಾ, ಮಜ್ದಾ ರೋಟರಿ ಹಾಕಿದವರಿಗೆ ಇದು ತಪ್ಪಿದ್ದಲ್ಲ.

ಗೇರ್ ಇಟ್ಟ ಇಂಜಿನ್ ಅಂದಮಾತ್ರಕ್ಕೆ ಕೆಟ್ಟದ್ದೇನಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ (ಎನ್‌ಎಎಲ್) ರೂಪಿಸಿದ ಪುಟ್ಟ ತರಬೇತಿ ವಿಮಾನ ಹಂಸ-3ರಲ್ಲಿರುವುದು ರೋಟಾಕ್ಸ್ ಕಂಪನಿಯ 914 ಇಂಜಿನ್. ಅದರ ಮೂತಿಯಲ್ಲೇ ಗೇರ್‌ಬಾಕ್ಸ್ ಇದೆ. ಆದರೆ ಅಲ್ಲಿ ಇಂಜಿನ್ನು, ಗೇರು, ಕ್ಲಚ್ಚು ಎಲ್ಲವನ್ನೂ ಒಂದೇ ಕಂಪನಿ ಒಟ್ಟಿಗೆ ಕೂರಿಸಿ ಪರೀಕ್ಷೆ ಮಾಡಿದೆ. ಎಂಥ ಪ್ರೊಪೆಲ್ಲರ್ ಹಾಕಬಹುದು ಅನ್ನುವುದಕ್ಕೂ ಮಿತಿ ಹೇಳಿದೆ. ಗ್ಯಾರೇಜಿನಲ್ಲಿ ಕಟ್ಟಿದ ವಿಮಾನದಲ್ಲಿ ಇಂಜಿನ್ ಗುಜರಿ ಅಂಗಡಿಯದು, ಗೇರ್‌ಬಾಕ್ಸ್ ಇನ್ಯಾರೋ ಸಣ್ಣ ತಯಾರಕರದು, ಪ್ರೊಪೆಲ್ಲರ್ ಮತ್ತೊಬ್ಬರದು. ಈ ಮೂರಕ್ಕೂ ಹೊಂದಾಣಿಕೆ ಇದೆಯಾ ಅಂತ ಯಾರೂ ನೋಡಿರುವುದಿಲ್ಲ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಇಡೀ ವಿಷಯದ ಗಂಟು ಇರುವುದೇ ಇಲ್ಲಿ. ಇಂಜಿನ್ ಒಂದೇ ಸಮನೆ ತಿರುಗಿಸುವುದಿಲ್ಲ, ಏಟು ಏಟಾಗಿ ತಿರುಗಿಸುತ್ತದೆ. ನಾಲ್ಕು ಸಿಲಿಂಡರಿನ ಇಂಜಿನ್ ಒಂದು ಸುತ್ತಿಗೆ ಎರಡು ಏಟು ಕೊಡುತ್ತದೆ. ಆ ಕಡೆ ಪ್ರೊಪೆಲ್ಲರ್ ಭಾರವಾದ ಚಕ್ರದ ಹಾಗೆ ತನ್ನ ಪಾಡಿಗೆ ತಿರುಗುತ್ತಿರುತ್ತದೆ, ಬೇಗ ವೇಗ ಬದಲಿಸಲು ಒಪ್ಪುವುದಿಲ್ಲ. ನಡುವೆ ಸಿಕ್ಕಿಕೊಂಡ ಶಾಫ್ಟು, ರಬ್ಬರ್ ಕಪ್ಲಿಂಗು, ಗೇರುಗಳು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಚಿಕೊಳ್ಳುತ್ತವೆ. ಈ ಜೋಡಣೆಗೆ ಅದರದೇ ಒಂದು ಲಯ ಇರುತ್ತದೆ. ಇಂಜಿನ್ನಿನ ಏಟು ಆ ಲಯಕ್ಕೆ ಸರಿಯಾಗಿ ಬಿದ್ದರೆ ತಿರುಚಾಟ ಹಲವು ಪಟ್ಟು ಹೆಚ್ಚುತ್ತದೆ. ಗೇರಿನ ಹಲ್ಲುಗಳು ಮುಂದೆ ತಳ್ಳುವುದನ್ನು ಬಿಟ್ಟು ಹಿಂದಕ್ಕೂ ಮುಂದಕ್ಕೂ ಕುಟ್ಟಿಕೊಳ್ಳುತ್ತವೆ. ಕೇಳಿಸುವ ಗಡಗಡ ಅದೇ.

ಮೆತ್ತನೆ ರಬ್ಬರ್ ಕಪ್ಲಿಂಗ್ ಹಾಕುವ ಉದ್ದೇಶ ಆ ಲಯವನ್ನು ಐಡಲ್‌ಗಿಂತ ಕೆಳಗೆ ತಳ್ಳುವುದು. ಸ್ಟಾರ್ಟ್ ಮಾಡುವಾಗ, ಆಫ್ ಮಾಡುವಾಗ ಒಂದು ಕ್ಷಣ ಆ ಜಾಗ ದಾಟಿದರೆ ಸಾಕು, ಆಮೇಲೆ ಆರಾಮ. ಆದ್ದರಿಂದ ಫುಲ್ ಥ್ರಾಟಲ್‌ನಲ್ಲಿ ಗೇರ್‌ಬಾಕ್ಸಿಗೆ ಪೆಟ್ಟು ಅಂತ ಹೆದರುವವರಿಗೆ ನಾನು ಹೇಳುವುದು: ಟೇಕಾಫ್‌ಗಿಂತ ಟ್ಯಾಕ್ಸಿವೇನಲ್ಲಿ ಸಣ್ಣಗೆ ಗುರುಗುಟ್ಟುತ್ತಾ ಕಾಯುವಾಗಲೇ ಅದು ಜಾಸ್ತಿ ಸವೆಯುತ್ತದೆ. ರೋಟಾಕ್ಸ್ 912ರ ಕೈಪಿಡಿ ಕೂಡ ವಾರ್ಮಪ್‌ಗೆ 2000 ಆರ್‌ಪಿಎಂನಿಂದ ಶುರುಮಾಡಿ ಅನ್ನುತ್ತದೆ, ಕಾರಿನ ಹಾಗೆ 700-800ರಲ್ಲಿ ಬಿಡಿ ಅನ್ನುವುದಿಲ್ಲ.

ಹೋದ ಚಳಿಗಾಲ ಬಂದ ಒಂದು ವಿಮಾನದ ವಿಷಯ ಹೇಳುತ್ತೇನೆ. ಎರಡು ಸೀಟು, ನಾಲ್ಕು ಸಿಲಿಂಡರಿನ ಸುಬಾರು ಇಂಜಿನ್, 2.2ಕ್ಕೆ 1ರ ಗೇರ್‌ಬಾಕ್ಸ್ (ಇಂಜಿನ್ 2.2 ಸುತ್ತು ತಿರುಗಿದರೆ ಪ್ರೊಪೆಲ್ಲರ್ ಒಂದು ಸುತ್ತು), ನಡುವೆ ರಬ್ಬರ್ ಕಪ್ಲಿಂಗ್. ಮಾಲೀಕರು ರಿಟೈರ್ಡ್ ಮನುಷ್ಯ, ವಿಮಾನ ಕೊಂಡದ್ದು ಎರಡನೇ ಕೈಯಲ್ಲಿ. ಆಗಲೇ ಹೊಸ ಗೇರ್ ಸೆಟ್ ತರಿಸಿ ಡಬ್ಬದ ಸಮೇತ ಬೆಂಚಿನ ಮೇಲೆ ಇಟ್ಟಿದ್ದರು. "ಗೇರ್ ಹೋಗಿದೆ, ಹಾಕಿಕೊಡಿ" ಅಂದರು. ಸದ್ದು ಎಲ್ಲೆಲ್ಲಿ ಬರುತ್ತದೆ ಅಂತ ಕೇಳಿದೆ. ಆಫ್ ಮಾಡುವಾಗ ಒಂದು ಸಲ ಗಡಗಡ, ಆಮೇಲೆ 2000ದ ಹತ್ತಿರ ಇನ್ನೊಂದು ಸಲ, ನಡುವೆ ಏನೂ ಇಲ್ಲ.

ಇದು ಕೇಳಿದ ತಕ್ಷಣ ಕಿವಿ ನೆಟ್ಟಗಾಯಿತು. ಬರೀ ಗೇರ್ ಸವೆದಿದ್ದರೆ ಹೀಗೆ ಎರಡೇ ಜಾಗ ಆರಿಸಿಕೊಂಡು ಸದ್ದು ಬರುವುದು ಕಡಿಮೆ. ಆಫ್ ಮಾಡುವಾಗ ಇಂಜಿನ್ 500ರ ಆಸುಪಾಸು ದಾಟಿ ಇಳಿಯುತ್ತದೆ. 500 ಆರ್‌ಪಿಎಂನಲ್ಲಿ ನಾಲ್ಕು ಸಿಲಿಂಡರ್ ಸೇರಿ ಸೆಕೆಂಡಿಗೆ ಸುಮಾರು 17 ಏಟು. ಸರಿ, ಜೋಡಣೆಯ ಲಯ ಅಲ್ಲೆಲ್ಲೋ ಇದೆ ಅಂತಾಯಿತು. ಈಗ ಒಂದು ಸಿಲಿಂಡರ್ ಮಿಸ್ಸಿಂಗ್ ಹೊಡೆಯುತ್ತಿದೆ ಅಂದುಕೊಳ್ಳಿ. ಆ ಒಂದು ಸಿಲಿಂಡರಿನ ಸರದಿ ಬರುವುದು ಎರಡು ಸುತ್ತಿಗೆ ಒಮ್ಮೆ. 2000 ಆರ್‌ಪಿಎಂನಲ್ಲಿ ಲೆಕ್ಕ ಹಾಕಿದರೆ ಸೆಕೆಂಡಿಗೆ ಮತ್ತೆ ಅದೇ 17. ಅಂದರೆ ಎಲ್ಲ ಸಿಲಿಂಡರ್ ಸರಿ ಇದ್ದರೆ ಮುಟ್ಟದೇ ಇರುವ ಲಯವನ್ನು, ಕುಂಟುವ ಒಂದೇ ಒಂದು ಸಿಲಿಂಡರ್ ನಾಲ್ಕು ಪಟ್ಟು ಮೇಲಿನ ವೇಗದಲ್ಲಿ ಹೋಗಿ ಮುಟ್ಟುತ್ತದೆ. ಇದನ್ನು ಮಾಲೀಕರಿಗೆ ಹ್ಯಾಂಗರಿನ ಬೋರ್ಡಿನ ಮೇಲೆ ಬರೆದು ತೋರಿಸಿದೆ. ನಂಬಿದ ಹಾಗೆ ಕಾಣಲಿಲ್ಲ.

ತಣ್ಣಗಿದ್ದ ಇಂಜಿನ್ ಸ್ಟಾರ್ಟ್ ಮಾಡಿ, ಸ್ವಲ್ಪ ಓಡಿಸಿ, ಆಫ್ ಮಾಡಿ, ನಾಲ್ಕೂ ಎಕ್ಸಾಸ್ಟ್ ಪೈಪಿನ ಬುಡಕ್ಕೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದೆ. ಮೂರು ಹೆಚ್ಚುಕಡಿಮೆ ಒಂದೇ, ನಾಲ್ಕನೆಯದು ಎದ್ದು ಕಾಣುವಷ್ಟು ತಣ್ಣಗೆ. ಪ್ಲಗ್ ವೈರ್ ಎಕ್ಸಾಸ್ಟಿಗೆ ತಾಗಿ ಮೇಲಿನ ರಬ್ಬರ್ ಸುಟ್ಟು ಕರಕಾಗಿತ್ತು. ಕಿಡಿ ಪ್ಲಗ್ಗಿಗೆ ಹೋಗುವ ಬದಲು ಪೈಪಿಗೆ ಹಾರುತ್ತಿತ್ತು. ಎರಡು ಕಾರ್ಬ್ಯುರೇಟರುಗಳೂ ಒಂದಕ್ಕೊಂದು ಹೊಂದಿರಲಿಲ್ಲ, ಒಂದು ಕಡೆ ಕೇಬಲ್ ಸಡಿಲ. ವೈರ್ ಬದಲಾಯಿಸಿ, ಕಾರ್ಬ್ಯುರೇಟರ್ ಹೊಂದಿಸಿ, 700ರಲ್ಲಿದ್ದ ಐಡಲ್ ಏರಿಸಿದ ಮೇಲೆ 2000ದ ಗಡಗಡ ಹೋಯಿತು.

ಅಷ್ಟಕ್ಕೇ ಬಿಡುವ ಹಾಗಿಲ್ಲ. ಇಷ್ಟು ದಿನ ಏಟು ತಿಂದದ್ದರ ಲೆಕ್ಕ ನೋಡಬೇಕಲ್ವಾ? ನಾನು ಮೊದಲು ಹುಡುಕುವುದು ಬೋಲ್ಟುಗಳ ಸುತ್ತ ಕೆಂಪು-ಕಂದು ಪುಡಿ. ಬಿಗಿಯಾಗಿ ಕಾಣುವ ಎರಡು ಸ್ಟೀಲ್ ಭಾಗಗಳು ಕಣ್ಣಿಗೆ ಕಾಣದಷ್ಟು ಉಜ್ಜಿಕೊಂಡರೆ ಬರುವ ತುಕ್ಕಿನ ಪುಡಿ ಅದು. ಮಳೆಗೆ ಬಂದ ತುಕ್ಕು ಹರಡಿಕೊಂಡಿರುತ್ತದೆ. ಇದು ಹಾಗಲ್ಲ, ಬೋಲ್ಟಿನ ತಲೆಯಿಂದಲೋ ಜಾಯಿಂಟಿನ ಗೆರೆಯಿಂದಲೋ ಹೊರಟು, ತಿರುಗುವ ರಭಸಕ್ಕೆ ಹೊರಗಡೆಗೆ ಎಳೆದ ಗೀಟಿನ ಹಾಗಿರುತ್ತದೆ. ಬೆರಳಿಗೆ ಹತ್ತಿಸಿಕೊಂಡರೆ ಕುಂಕುಮದಷ್ಟು ನುಣುಪು. ಈ ವಿಮಾನದ ಫ್ಲೈವೀಲ್ (ಇಂಜಿನ್ ಶಾಫ್ಟಿನ ತುದಿಯ ಭಾರದ ಚಕ್ರ) ಬೋಲ್ಟುಗಳ ಸುತ್ತ ಅದು ಇತ್ತು. ಬೋಲ್ಟ್ ಮತ್ತೆ ಬಿಗಿ ಮಾಡಿ ಮುಗಿಸಬಾರದು. ಒಮ್ಮೆ ಸಡಿಲವಾಗಿ ಓಡಿದ ಬೋಲ್ಟ್ ಒಳಗೇ ದಣಿದಿರುತ್ತದೆ. ಪೂರ್ತಿ ಸೆಟ್ ಹೊಸದು ಹಾಕಿ, ಒಂದಕ್ಕೊಂದು ಕೂಡುವ ಮೈಗಳನ್ನು ಒರೆಸಿ, ಟಾರ್ಕ್ ಮಾಡಿ (ಹೇಳಿದಷ್ಟೇ ಬಿಗಿತಕ್ಕೆ ತಿರುಗಿಸಿ), ಬೋಲ್ಟಿನ ಮೇಲೆ ಬಣ್ಣದ ಗೆರೆ ಎಳೆದೆ. ಮುಂದಿನ ಸಲ ಗೆರೆ ಒಡೆದಿದ್ದರೆ ಟಾರ್ಚ್ ಬೆಳಕಲ್ಲೇ ಗೊತ್ತಾಗುತ್ತದೆ.

ರಬ್ಬರ್ ಕಪ್ಲಿಂಗನ್ನು ಹೊರಗಿನಿಂದ ನೋಡಿದರೆ ಚೆನ್ನಾಗೇ ಇತ್ತು. ಬಿಚ್ಚಿ ಕೈಯಲ್ಲಿ ಬಗ್ಗಿಸಿದಾಗ ಬೋಲ್ಟ್ ತೂತುಗಳ ಹತ್ತಿರ ಕೂದಲೆಳೆಯಂಥ ಬಿರುಕುಗಳು ಬಾಯಿಬಿಟ್ಟವು. ಎಣ್ಣೆ ತಾಗಿದರೆ ರಬ್ಬರ್ ಉಬ್ಬುತ್ತದೆ, ಬಿಸಿಗೆ ಗಟ್ಟಿಯಾಗುತ್ತದೆ. ಗಟ್ಟಿಯಾದರೆ ಜೋಡಣೆಯ ಲಯ ಮೇಲಕ್ಕೇರಿ ಐಡಲ್ ಹತ್ತಿರಕ್ಕೆ ಬರುತ್ತದೆ. ಹಾಗಾಗಿ ಗಂಟೆ ಲೆಕ್ಕ ಎಷ್ಟೇ ಕಡಿಮೆ ಇರಲಿ, ವಯಸ್ಸಾದ ರಬ್ಬರನ್ನು ನಾನು ವಾಪಸ್ ಹಾಕುವುದಿಲ್ಲ.

ಗೇರಿನ ಪ್ಲೇ (ಹಲ್ಲುಗಳ ನಡುವಿನ ಸಡಿಲ) ಅಳೆಯುವುದು ಆಮೇಲೆ. ಇಗ್ನಿಷನ್ ಆಫ್, ಬ್ಯಾಟರಿ ಕಳಚಿ, ಪ್ಲಗ್ಗುಗಳನ್ನು ತೆಗೆದು, ಫ್ಲೈವೀಲ್ ಅಲುಗದ ಹಾಗೆ ಹಿಡಿಸಿ, ಪ್ರೊಪೆಲ್ಲರ್ ಫ್ಲ್ಯಾಂಜಿನ ಮೇಲೆ ಗುರುತು ಮಾಡಿದ ಒಂದೇ ಜಾಗಕ್ಕೆ ಡಯಲ್ ಗೇಜ್ ಇಟ್ಟು, ಆಚೆ ಈಚೆ ಆಡಿಸಿ ನೋಡುವುದು. ಒಂದು ಸಲದ ಅಂಕಿಯಿಂದ ಜಾಸ್ತಿ ಏನೂ ತಿಳಿಯುವುದಿಲ್ಲ. ಹಿಂದಿನ ವರ್ಷದ ಅಂಕಿಯ ಪಕ್ಕದಲ್ಲಿ ಇಟ್ಟಾಗ ತಿಳಿಯುತ್ತದೆ. ಈ ವಿಮಾನದ ಲಾಗ್‌ಬುಕ್ಕಿನಲ್ಲಿ ಅಂಥ ಒಂದು ಸಾಲೂ ಇರಲಿಲ್ಲ. ಗೇರ್‌ಬಾಕ್ಸಿನ ಎಣ್ಣೆ ಇಳಿಸುವ ಡ್ರೇನ್ ಪ್ಲಗ್ಗಿನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ಪೇಸ್ಟ್ ಇತ್ತು, ಚೂರುಗಳಿರಲಿಲ್ಲ. ಪೇಸ್ಟ್ ಅಂದರೆ ಮಾಮೂಲಿ ಸವೆತ. ಉಗುರಿಗೆ ಸಿಗುವಂಥ ಚೂರೋ ಪದರವೋ ಬಂದರೆ ಮಾತ್ರ ಬಾಕ್ಸ್ ಕೆಳಗಿಳಿಸಿ ಬಿಚ್ಚುವುದು. ಹಲ್ಲುಗಳನ್ನು ಬೋರ್‌ಸ್ಕೋಪಿನಲ್ಲಿ (ತೂತಿನೊಳಗೆ ತೂರಿಸುವ ಸಣ್ಣ ಕ್ಯಾಮೆರಾ) ನೋಡಿದೆ, ಚೆನ್ನಾಗಿದ್ದವು. ಡಬ್ಬದಲ್ಲಿದ್ದ ಹೊಸ ಗೇರ್ ಸೆಟ್ ಡಬ್ಬದಲ್ಲೇ ವಾಪಸ್ ಹೋಯಿತು.

ಬೆಲ್ಟ್ ಡ್ರೈವ್ ಇರುವವರಿಗೆ ಒಂದು ಮಾತು. ಸದ್ದು ಬಂತು ಅಂತ ಬೆಲ್ಟ್ ಬಿಗಿ ಮಾಡುತ್ತಾ ಹೋಗಬೇಡಿ, ಬೇರಿಂಗ್ ಹೋಗುತ್ತದೆ. ತಣ್ಣಗಿದ್ದಾಗ ಸರಿಯಾಗಿ ಕಾಣುವ ಬೆಲ್ಟ್ ಬಿಸಿಯಾದಾಗ ಇನ್ನೂ ಬಿಗಿಯಾಗುತ್ತದೆ, ಯಾಕೆಂದರೆ ಎರಡು ಪುಲ್ಲಿಗಳನ್ನು ಹಿಡಿದಿರುವ ಅಲ್ಯೂಮಿನಿಯಂ ಪ್ಲೇಟ್ ಹಿಗ್ಗುತ್ತದೆ. 250 ಮಿಲಿಮೀಟರ್ ಅಂತರದ ಪ್ಲೇಟ್ 60 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ ಸುಮಾರು ಮೂರನೇ ಒಂದು ಮಿಲಿಮೀಟರ್ ಬೆಳೆಯುತ್ತದೆ. ಕೆವ್ಲಾರ್‌ನಂಥ ದಾರ ಇರುವ ಬೆಲ್ಟ್ ಅಷ್ಟು ಹಿಗ್ಗುವುದಿಲ್ಲ. ಬಿಗಿಯನ್ನು ಯಾವಾಗಲೂ ತಯಾರಕರು ಹೇಳಿದ ತಾಪಮಾನದಲ್ಲೇ ಅಳೆಯಿರಿ. ಬೆಲ್ಟ್ ಮೀಟಿ ಫೋನಿನ ಮೈಕಿನಿಂದ ಅದರ ಕಂಪನ ಅಳೆಯುವ ಆ್ಯಪ್‌ಗಳಿವೆ, ಬೆರಳಲ್ಲಿ ಒತ್ತಿ ನೋಡುವುದಕ್ಕಿಂತ ಎಷ್ಟೋ ವಾಸಿ.

ನಾನು ಕೆಲಸ ಮಾಡುವ ಡೇಟನ್ ಸೀಮೆ ರೈಟ್ ಸಹೋದರರ ಊರು. ಅವರ 1903ರ ವಿಮಾನದಲ್ಲೂ ಇಂಜಿನ್ನಿಗೂ ಪ್ರೊಪೆಲ್ಲರಿಗೂ ನಡುವೆ ವೇಗ ಇಳಿಸುವ ಚೈನು, ಸ್ಪ್ರಾಕೆಟ್ ಇದ್ದವು. ಆ ನವೆಂಬರ್ 5ರಂದು, ಹಾರಲೆಂದು ಹೋಗಿದ್ದ ದೂರದ ಕಿಟ್ಟಿ ಹಾಕ್ ಹತ್ತಿರದ ಕಡಲತೀರದಲ್ಲಿ ಇಂಜಿನ್ ಓಡಿಸಿ ನೋಡುವಾಗ ಅದು ಸರಿಯಾಗಿ ಉರಿಯದೆ ಜಗ್ಗಾಡಿ ಪ್ರೊಪೆಲ್ಲರ್ ಶಾಫ್ಟುಗಳನ್ನು ಹಾಳುಮಾಡಿತು. ರಿಪೇರಿಗೆ ಡೇಟನ್‌ಗೆ ಕಳಿಸಿದರು. ವಾಪಸ್ ಬಂದ ಮೇಲೆ ಸ್ಪ್ರಾಕೆಟ್ ಸಡಿಲವಾಗುತ್ತಲೇ ಇತ್ತು, ಕೊನೆಗೆ ಸೈಕಲ್ ಟೈರ್ ಅಂಟಿಸುವ ಸಿಮೆಂಟ್ ಸುರಿದು ಕೂರಿಸಿದರು. ಆಮೇಲೆ ಒಂದು ಶಾಫ್ಟಿನಲ್ಲಿ ಬಿರುಕು. ಆರ್ವಿಲ್ ತಾನೇ ಡೇಟನ್‌ಗೆ ಬಂದು ಗಟ್ಟಿ ಸ್ಟೀಲಿನ ಹೊಸ ಶಾಫ್ಟ್ ಮಾಡಿಸಿಕೊಂಡು ಡಿಸೆಂಬರ್ 11ಕ್ಕೆ ವಾಪಸಾದ. ಹಾರಿದ್ದು 17ಕ್ಕೆ. ಇಂಜಿನ್ನಿನ ಮಿಸ್ಸಿಂಗ್ ಡ್ರೈವನ್ನು ತಿನ್ನುವುದು ವಿಮಾನದಷ್ಟೇ ಹಳೆಯ ಕಾಯಿಲೆ.

ಇನ್ನು ಪ್ರೊಪೆಲ್ಲರ್. ಮರದ್ದು ತೆಗೆದು ಭಾರದ್ದೊಂದು ಹಾಕಿದರೆ ನೋಡಲು ಚೆಂದ, ಏರುವುದೂ ಚೆನ್ನಾಗಿರಬಹುದು. ಆದರೆ ಅದರ ತಿರುಗುವ ಜಡತ್ವ (ವೇಗ ಬದಲಿಸಲು ಒಪ್ಪದ ಆ ಹಟ) ಬದಲಾದರೆ ಜೋಡಣೆಯ ಲಯವೂ ಬದಲಾಗುತ್ತದೆ. ರೋಟಾಕ್ಸಿನವರು ಎರಡು-ಸ್ಟ್ರೋಕ್ ಇಂಜಿನ್ನಿನ ಬಿ ಗೇರ್‌ಬಾಕ್ಸಿಗೆ 3000, ಸಿ ಗೇರ್‌ಬಾಕ್ಸಿಗೆ 6000 ಕೆ.ಜಿ-ಚದರ ಸೆಂ.ಮೀ. ಜಡತ್ವ ಮೀರಬಾರದು ಅಂತ ಮಿತಿ ಕೊಟ್ಟಿದ್ದಾರೆ. ಗ್ಯಾರೇಜ್ ಡ್ರೈವುಗಳಿಗೆ ಅಂಥ ಅಂಕಿ ಹಲವು ಸಲ ಸಿಗುವುದೇ ಇಲ್ಲ. ಪ್ರೊಪೆಲ್ಲರ್ ಹುಲ್ಲಿಗೋ ನೆಲಕ್ಕೋ ತಾಗಿದ್ದರೆ ಬಾಕ್ಸ್ ಬಿಚ್ಚಲೇಬೇಕು. ಇದರಲ್ಲಿ ನಾನು ಚೌಕಾಸಿ ಮಾಡುವುದಿಲ್ಲ.

ಸಣ್ಣ ತಯಾರಕರು ಅಂಗಡಿ ಮುಚ್ಚಿದ ಮೇಲೆ ಪಾರ್ಟ್ಸ್ ಎಲ್ಲಿ ಸಿಗುತ್ತದೆ ಅಂತ ಕೇಳುತ್ತಾರೆ. ಬೇರಿಂಗಿನ ಮೈಮೇಲೆ ನಂಬರ್ ಕೆತ್ತಿರುತ್ತದೆ, ಸೀಲಿನ ಮೇಲೂ ಇರುತ್ತದೆ. ಬಹಳಷ್ಟು ಸಲ ಅವು ಯಾವುದೇ ಬೇರಿಂಗ್ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸೈಜುಗಳೇ. ಬಿಚ್ಚಿದಾಗಲೇ ಫೋಟೋ ತೆಗೆದು, ನಂಬರ್ ಬರೆದು, ಶಿಮ್ (ಅಂತರ ಹೊಂದಿಸುವ ತೆಳು ತಗಡು) ಎಲ್ಲೆಲ್ಲಿ ಎಷ್ಟು ದಪ್ಪ ಇತ್ತು ಅಂತ ಚಿತ್ರ ಮಾಡಿ ಲಾಗ್‌ಬುಕ್ಕಿಗೆ ಅಂಟಿಸಿ. ಆ ಸುಬಾರು ಮಾಲೀಕರಿಗೂ ಇದನ್ನೇ ಮಾಡಿಕೊಟ್ಟೆ. ಆಫ್ ಮಾಡುವಾಗ ಥ್ರಾಟಲ್ ಪೂರ್ತಿ ಮುಚ್ಚಿ ಆಮೇಲೆ ಸ್ವಿಚ್ ತೆಗೆಯಿರಿ, ಕೊನೆಯ ಗಡಗಡ ಕಡಿಮೆಯಾಗುತ್ತದೆ ಅಂತಲೂ ಹೇಳಿದೆ. ವಾರದ ಮೇಲೆ ಫೋನ್ ಬಂತು. ಗೇರ್ ಸೆಟ್ ವಾಪಸ್ ಕೊಟ್ಟ ದುಡ್ಡಿಗೆ ಮೂರು ಬ್ಲೇಡಿನ ಹೊಸ ಪ್ರೊಪೆಲ್ಲರ್ ನೋಡಿಟ್ಟಿದ್ದಾರಂತೆ. ಆರ್ಡರ್ ಮಾಡುವ ಮುಂಚೆ ಅದರ ಜಡತ್ವದ ಅಂಕಿ ತರಿಸಿಕೊಳ್ಳಿ, ಹಳೆಯದನ್ನು ಬಿಚ್ಚಿ ಇಲ್ಲಿಗೆ ತನ್ನಿ, ಹಗ್ಗಕ್ಕೆ ನೇತುಹಾಕಿ ತೂಗಾಡಿಸಿ ಅದರದ್ದೂ ಅಳೆಯೋಣ ಅಂದಿದ್ದೇನೆ.